ಯಜಮಾನರಿಗೆ ಡಯಾಲಿಸಿಸ್, ಬಂದವರದ್ದೆಲ್ಲ ಉಪದೇಶ: ಈ ನೋವಿಗೆ ದೇವರಲ್ಲಿ ಏನಾದರೂ ಅರ್ಥ ಇದೆಯಾ?

ಹುಬ್ಬಳ್ಳಿ ಅಕ್ಕ | ಭಾನುವಾರ, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹುಬ್ಬಳ್ಳಿಯಲ್ಲಿ, ಗದಗ ರೋಡ್ ಕಡೆ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಕ್ರೈಸ್ತರು. ಹೋದ ವರ್ಷ ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟವು. ಈಗ ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಒಂದು ಸಲ ಹಚ್ಚಿದರೆ ನಾಲ್ಕು ತಾಸು. ಮನೆಗೆ ಬಂದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. ಮಾತಾಡಿಸಿದರೆ ಹೂಂ, ಉಹೂಂ, ಅಷ್ಟೇ.

ಕಾಯಿಲೆ ಹೇಗೆ ಬಂತು ಅಂತ ಡಾಕ್ಟರು ಹೇಳಿದ್ದಾರೆ. ಶುಗರ್ ಇತ್ತು, ಬಿಪಿ ಇತ್ತು, ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅದು ನನಗೆ ಅರ್ಥ ಆಗುತ್ತದೆ. ತಡಕೊಳ್ಳೋಕೆ ಆಗದೇ ಇರುವುದು ಮನೆಗೆ ಬರುವವರ ಮಾತು. ಒಬ್ಬರು ಬಂದು ಇದು ದೇವರ ಪರೀಕ್ಷೆ ಅಂದರು. ಇನ್ನೊಬ್ಬರು ಮನೆಯಲ್ಲಿ ಯಾವುದೋ ಒಪ್ಪಿಕೊಳ್ಳದ ಪಾಪ ಇದೆ, ಹುಡುಕಿ ಅಂದರು. ಒಂದು ಪ್ರಾರ್ಥನಾ ಕೂಟದವರು ಬಂದು ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು, "ವಿಶ್ವಾಸ ಪೂರ್ತಿ ಇದ್ದಿದ್ದರೆ ಇಷ್ಟೊತ್ತಿಗೆ ಗುಣ ಆಗಿರ್ತಿತ್ತು" ಅಂದರು. ಯಜಮಾನರಿಗೆ ಒಳಗೆ ಕೇಳಿಸಿತು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ನಾನು ದೇವರನ್ನು ಬಿಟ್ಟಿಲ್ಲ. ಆದರೆ ಕೇಳಬೇಕು ಅನ್ನಿಸುತ್ತದೆ. ಈ ನೋವಿಗೆ ಒಂದು ಅರ್ಥ ಇದೆಯಾ? ಇದ್ದರೆ ಅದು ಯಾರಿಗೆ ಕಾಣುತ್ತದೆ? ವಾದ ಬೇಡ. ನೋವು ಉಂಡವರು ಹೇಳಿ.

ಗದಗದ ವಿಶ್ವಾಸಿ | ಭಾನುವಾರ, ರಾತ್ರಿ 10.20

ಸಿಸ್ಟರ್, ಕರ್ತನಿಗೆ ಸ್ತೋತ್ರ. ಬಾಗಿಲಲ್ಲಿ ನಿಂತು ಹಾಗೆ ಮಾತಾಡಿದ್ದು ಸರಿಯಲ್ಲ. ಆದರೆ ಗುಣವಾಗುವ ನಿರೀಕ್ಷೆಯನ್ನು ಬಿಡಬೇಡಿ. ನಿಮ್ಮಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಅಂತ ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲೇ ಇದೆ. ಯೇಸುಸ್ವಾಮಿ ತನ್ನ ಹತ್ತಿರ ಬಂದ ರೋಗಿಗೆ ನೋವು ಒಳ್ಳೆಯದು, ತಡಕೋ ಅಂತ ಹೇಳಿ ಕಳಿಸಿದ್ದು ಎಲ್ಲೂ ಇಲ್ಲ. ಗುಣ ಮಾಡಿದ. ಅದಕ್ಕೇ ನಾವು ಕೇಳುತ್ತೇವೆ. ನಿಮ್ಮ ಯಜಮಾನರಿಗಾಗಿ ಇವತ್ತಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ಇರುತ್ತದೆ.

ಬೆಟಗೇರಿ ನರ್ಸ್ | ಭಾನುವಾರ, ರಾತ್ರಿ 11.35

ಅಕ್ಕಾ, ಡ್ಯೂಟಿ ಮುಗಿಸಿ ಈಗ ಓದಿದೆ. ನಾನು ಡಯಾಲಿಸಿಸ್ ವಾರ್ಡಿನಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ಮೊದಲು ಕೆಲಸದ ಮಾತು. ಅವರು ಗೋಡೆ ಕಡೆ ಮಲಗುವುದು ನಿಮ್ಮ ಮೇಲಿನ ಸಿಟ್ಟಲ್ಲ. ಡಯಾಲಿಸಿಸ್ ಆದ ಮೇಲೆ ಮೈ ಹಿಂಡಿ ಹಾಕಿದ ಹಾಗೆ ಆಗಿರುತ್ತದೆ. ಬಿಪಿ ಇಳಿಯುತ್ತದೆ, ತಲೆ ನೋಯುತ್ತದೆ, ಕಾಲು ಹಿಡಿಯುತ್ತವೆ. ಸ್ವಲ್ಪ ಹೊತ್ತು ಯಾರೂ ಮಾತಾಡಿಸದೇ ಇದ್ದರೆ ಅದೇ ದೊಡ್ಡ ಉಪಕಾರ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಬಿಪಿ ನೋಡಿಸಬೇಡಿ, ರಕ್ತ ತೆಗೆಸಬೇಡಿ, ಆ ಕೈಯಿಂದ ಭಾರ ಎತ್ತಿಸಬೇಡಿ. ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಉಚಿತ ಇದೆ.

ಇನ್ನು ನೀವು ಕೇಳಿದ್ದು. ನಮ್ಮ ವಾರ್ಡಿನಲ್ಲಿ ಎಲ್ಲ ಧರ್ಮದವರೂ ಒಂದೇ ಸಾಲಿನಲ್ಲಿ ಮಲಗುತ್ತಾರೆ. ಯಾಕೆ ನನಗೇ ಹಿಂಗಾತು ಅಂತ ಎಲ್ಲರೂ ಕೇಳುತ್ತಾರೆ. ನಾನು ಉತ್ತರ ಕೊಡುವುದಿಲ್ಲ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಇದೇ ಕೇಳಿದರಲ್ಲ, ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ ಅಂತ. ಯೋಹಾನನ ಸುವಾರ್ತೆ 9ನೇ ಅಧ್ಯಾಯ. ಇವನೂ ಅಲ್ಲ, ಅವರೂ ಅಲ್ಲ ಅಂತ ಯೇಸು ಹೇಳಿಬಿಟ್ಟ. ನಿಮ್ಮ ಮನೆಯಲ್ಲಿ ಪಾಪ ಹುಡುಕಿ ಅಂದವರು ಈ ಅಧ್ಯಾಯ ದಾಟಿ ಓದಿರಬೇಕು.

ನಾನು ಕಂಡದ್ದು ಒಂದು. ಹೊರಗಿನವರು ತಂದು ಕೊಟ್ಟ ಅರ್ಥ ಯಾರಿಗೂ ಹಿಡಿಸುವುದಿಲ್ಲ. ಯಾವತ್ತೋ ಒಂದು ದಿನ ರೋಗಿಯೇ ತಾನಾಗಿ ಏನೋ ಹೇಳುತ್ತಾನೆ, ಅದು ನಿಲ್ಲುತ್ತದೆ. ಒಬ್ಬ ನೇಕಾರ ಅಜ್ಜ ಇದ್ದರು. ಮೊದಮೊದಲು ಯಾರ ಜೊತೆಗೂ ಮಾತಿಲ್ಲ. ಒಂದು ದಿನ ಪಕ್ಕದ ಹಾಸಿಗೆಗೆ ಹೊಸದಾಗಿ ಒಬ್ಬ ಹುಡುಗ ಬಂದ, ಸೂಜಿ ನೋಡಿ ನಡುಗುತ್ತಿದ್ದ. ಅಜ್ಜ ತಮ್ಮ ಇನ್ನೊಂದು ಕೈ ಚಾಚಿ ಅವನ ಬೆರಳು ಹಿಡಿದರು. "ಮೊದಲ ಸೂಜಿ ಅಷ್ಟ ನೋಡಪಾ, ಆಮ್ಯಾಲ ರೂಢಿ ಆಕ್ಕತಿ" ಅಂದರು. ಅವತ್ತಿನಿಂದ ಹೊಸಬರು ಬಂದರೆ ಅಜ್ಜನ ಪಕ್ಕದಲ್ಲೇ ಹಾಕಿ ಅಂತ ನಾವೇ ಹೇಳುತ್ತಿದ್ದೆವು. ಕೊನೆ ದಿನಗಳಲ್ಲಿ ಅಜ್ಜ ನನಗೆ ಹೇಳಿದರು, ದೇವರು ನನ್ನನ್ನ ಇಲ್ಲಿ ಯಾಕ ಕೂಡ್ರಿಸ್ಯಾನ ಅಂತ ಈಗ ಸ್ವಲ್ಪ ತಿಳೀತು ಅಂತ. ನಾನು ಹೇಳಿದ್ದರೆ ಅದು ಬರೀ ಉಪದೇಶ. ಅವರು ಹೇಳಿದಾಗ ಸಾಕ್ಷಿ.

ಗಾಂಧಿನಗರ ಕಾಕಾ | ಸೋಮವಾರ, ಬೆಳಿಗ್ಗೆ 7.10

ಈ ತಂಗಿಯ ಮನೆ ನಮ್ಮ ಪಕ್ಕದಲ್ಲೇ. ಅವಳೇ ಈ ಲಿಂಕ್ ಕಳಿಸಿದಳು. ನಾವು ಲಿಂಗಾಯತರು. ಶನಿವಾರ ನಾನೇ ಸ್ಕೂಟರ್ ಮೇಲೆ ಅವಳ ಯಜಮಾನನನ್ನ ಆಸ್ಪತ್ರೆಗೆ ಬಿಟ್ಟು ಬರುತ್ತೇನೆ.

ಒಂದು ಪ್ರಶ್ನೆ ಇದೆ, ತಪ್ಪು ತಿಳಿಯಬೇಡಿ. ನಮ್ಮ ಮಂದಿಯಲ್ಲಿ ಯಾರಿಗಾದರೂ ಹೀಗಾದರೆ ಹಿಂದಿನ ಜನ್ಮದ ಕರ್ಮ ಅಂದುಬಿಡುತ್ತಾರೆ. ನಿಮ್ಮಲ್ಲಿ ಪಾಪ ಅನ್ನುತ್ತಾರೆ. ಮಲಗಿದವನಿಗೆ ಎರಡೂ ಒಂದೇ ಅಲ್ವಾ? ನಿನ್ನದೇ ತಪ್ಪು ಅಂತಾನೇ ಆಯಿತು. ನಿಮ್ಮ ಧರ್ಮದಲ್ಲಿ ಇದಕ್ಕಿಂತ ಬೇರೆ ಮಾತು ಇದೆಯಾ?

ಧಾರವಾಡದ ಮಾಸ್ತರ | ಸೋಮವಾರ, ಬೆಳಿಗ್ಗೆ 9.05

ಇದೆ ಕಾಕಾ. ಲೂಕನ ಸುವಾರ್ತೆ 13ರಲ್ಲಿ ಒಂದು ಪ್ರಸಂಗ ಬರುತ್ತದೆ. ಸಿಲೋವದಲ್ಲಿ ಒಂದು ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂತ ನೆನೆಸುತ್ತೀರೋ, ಹಾಗಲ್ಲ ಅಂತ ಯೇಸು ಹೇಳುತ್ತಾನೆ. ಸತ್ತವರ ಲೆಕ್ಕ ತೆಗೆಯಬೇಡಿ, ನೀವು ನಿಮ್ಮ ಬಾಳು ತಿದ್ದಿಕೊಳ್ಳಿ ಅನ್ನುವುದು ಅವನ ಮಾತಿನ ಸಾರ.

ಅದಕ್ಕೂ ಹಿಂದಿನದು ಯೋಬನ ಕಥೆ. ಯೋಬ ಮಕ್ಕಳನ್ನು, ಆಸ್ತಿಯನ್ನು, ಆರೋಗ್ಯವನ್ನು ಕಳೆದುಕೊಂಡು ಬೂದಿಯಲ್ಲಿ ಕೂತಿದ್ದ. ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತರು. ಅಲ್ಲಿತನಕ ಎಲ್ಲ ಚೆನ್ನಾಗಿತ್ತು. ಬಾಯಿ ಬಿಟ್ಟ ಮೇಲೆ ಕೆಟ್ಟಿತು. ನೀನು ಏನೋ ಪಾಪ ಮಾಡಿದ್ದೀಯ, ಇಲ್ಲದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ಮೂವರೂ ಅವನ ಬೆನ್ನು ಬಿದ್ದರು. ದೇವರ ಪರವಾಗಿ ಮಾತಾಡಿದ್ದು ಅವರೇ. ಯೋಬ ದೇವರ ಮೇಲೇ ಜಗಳ ತೆಗೆದ. ಆದರೆ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಯಾರ ಮೇಲೆ? ಆ ಮೂವರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ, ನೀವಲ್ಲ ಅಂದ. ನಾನು ನಲವತ್ತು ವರ್ಷ ಮೇಲ್ಪಟ್ಟು ಸಂಡೇ ಸ್ಕೂಲಿನಲ್ಲಿ ಪಾಠ ಹೇಳಿದವನು. ಸಾಂತ್ವನ ಹೇಳೋಕೆ ಹೋಗುವ ಪ್ರತಿಯೊಬ್ಬರೂ ಈ ಅಧ್ಯಾಯ ಓದಿಕೊಂಡೇ ಹೋಗಬೇಕು ಅಂತ ನನ್ನ ಹಟ.

ಇನ್ನೊಂದು ಬಾಳು ನೆನಪಾಗುತ್ತದೆ, ಪಂಡಿತಾ ರಮಾಬಾಯಿ. ಮರಾಠಿ ಮಾತಾಡುವವರು ತಮ್ಮವಳು ಅನ್ನುತ್ತಾರೆ, ಆದರೆ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. 1870ರ ದಶಕದ ಬರದಲ್ಲಿ ಅಪ್ಪ, ಅವ್ವ, ಅಕ್ಕ ಮೂವರೂ ಹೋದರು. ಉಳಿದ ಅಣ್ಣ 1880ರಲ್ಲಿ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗಂಡ ಕಾಲರಾಕ್ಕೆ ಬಲಿ. ಕಂಕುಳಲ್ಲಿ ಹೆಣ್ಣು ಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. ಮುಂದೆ 1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿದ್ದಾಗ ಅಲ್ಲಿಗೇ ಹೋಗಿ, ಹಸಿದ ಹುಡುಗಿಯರನ್ನು ಬಾಲವಿಧವೆಯರನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವದಲ್ಲಿ ಸಾಕಿದಳು. ಹಸಿವಿನಿಂದ ಒಣಗಿದ ಆ ಮುಖಗಳನ್ನು ಅವಳು ಮೊದಲೇ ತನ್ನ ಮನೆಯಲ್ಲೇ ನೋಡಿದ್ದಳು. ಕೊನೆಗೆ ಮಗಳು ಮನೋರಮಾ ಕೂಡ 1921ರಲ್ಲಿ ಅವಳಿಗಿಂತ ಮುಂಚೆ ಹೋದಳು. ಮರುವರ್ಷ ಏಪ್ರಿಲಿನಲ್ಲಿ ರಮಾಬಾಯಿ ತೀರಿಕೊಂಡಳು. ಅಲ್ಲಿತನಕ ಬೈಬಲ್ಲಿನ ಮರಾಠಿ ಅನುವಾದದ ಕೆಲಸ ಬಿಡಲಿಲ್ಲ.

ಕೆಸಿಡಿ ಹುಡುಗ | ಸೋಮವಾರ, ಬೆಳಿಗ್ಗೆ 11.40

ಸರ್, ಗೌರವದಿಂದಲೇ ಕೇಳುತ್ತೇನೆ. ಹಾಗಾದರೆ ರಮಾಬಾಯಿ ಮುಂದೆ ಅನಾಥರನ್ನು ಸಾಕಲಿ ಅಂತ ದೇವರು ಅವಳ ಅಪ್ಪ ಅವ್ವನನ್ನು ಹಸಿವಿನಿಂದ ಕೊಂದನಾ? 1876-78ರ ಬರದಲ್ಲಿ ನಮ್ಮ ಧಾರವಾಡ ಸೀಮೆಯೂ ಸೇರಿ ದಕ್ಷಿಣದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಆಗಲೂ ದೇಶದಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ಅದು ಸರ್ಕಾರದ ತಪ್ಪು. ಅದಕ್ಕೆ ದೇವರ ಉದ್ದೇಶ ಅಂತ ಹೆಸರಿಟ್ಟರೆ ತಪ್ಪು ಮಾಡಿದವರು ಆರಾಮ ತಪ್ಪಿಸಿಕೊಳ್ಳುತ್ತಾರೆ.

ನಮ್ಮ ಅಜ್ಜಿಯನ್ನು ಕ್ಯಾನ್ಸರಿನಲ್ಲಿ ಕಳಕೊಂಡೆ. ಅಂತ್ಯಕ್ರಿಯೆಯಲ್ಲಿ, ದೇವರ ತೋಟಕ್ಕೆ ಒಳ್ಳೆ ಹೂವು ಬೇಕಿತ್ತು ಅಂದರು. ಅವತ್ತಿನಿಂದ ನನಗೆ ದೇವಾಲಯದ ಬಾಗಿಲು ದಾಟೋಕೆ ಆಗಿಲ್ಲ.

ಧಾರವಾಡದ ಮಾಸ್ತರ | ಸೋಮವಾರ, ಮಧ್ಯಾಹ್ನ 12.15

ಇಲ್ಲ ತಮ್ಮಾ. ಕೊಲ್ಲಲಿಲ್ಲ. ನಾನು ಸಾಯುವತನಕ ಆ ಮಾತು ಹೇಳುವುದಿಲ್ಲ. ಬರವನ್ನು ದೇವರು ಪಾಠ ಕಲಿಸೋಕೆ ಕಳಿಸಿದ ಅಂತ ಹೇಳುವುದು ಬೇರೆ. ಬರ ನುಂಗಿ ಹಾಕಿದ ಬಾಳಿನಲ್ಲಿ ಉಳಿದ ಒಂದು ತುಣುಕನ್ನೂ ದೇವರು ವ್ಯರ್ಥ ಹೋಗಲು ಬಿಡಲಿಲ್ಲ ಅನ್ನುವುದು ಬೇರೆ. ನಾನು ನಂಬುವುದು ಎರಡನೆಯದನ್ನು. ಧಾನ್ಯದ ವಿಷಯದಲ್ಲಿ ನೀನು ಹೇಳಿದ್ದು ನಿಜ. ಅದು ಮನುಷ್ಯರ ಪಾಪ, ಹಸಿದವನ ಪಾಪ ಅಲ್ಲ.

ನಿನ್ನ ಅಜ್ಜಿ ವಿಷಯ ಓದಿ ಸಂಕಟವಾಯಿತು. ಸತ್ತ ಗೆಳೆಯ ಲಾಜರನ ಸಮಾಧಿ ಮುಂದೆ ಯೇಸು ಏನು ಮಾಡಿದ ನೆನಪು ಮಾಡಿಕೋ. ಇನ್ನೊಂದು ಗಳಿಗೆಗೆ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ. ಹೂವು, ತೋಟ ಅಂತ ಮಾತಾಡಲಿಲ್ಲ. ನೀನು ಯಾವಾಗ ಬೇಕಾದರೂ ನಮ್ಮ ಮನೆಗೆ ಬಾ, ದೇವಾಲಯಕ್ಕೇ ಬರಬೇಕು ಅಂತಿಲ್ಲ.

ಕೇಶ್ವಾಪುರದವ | ಸೋಮವಾರ, ಸಂಜೆ 6.30

ನಾವು ಕಥೋಲಿಕರು. ನಮ್ಮಲ್ಲಿ ಒಂದು ರೂಢಿ ಇದೆ. ನೋವು ಬಂದಾಗ ಅದನ್ನು ಯೇಸುವಿನ ಪಾಡುಗಳ ಜೊತೆ ಸೇರಿಸಿ ಒಪ್ಪಿಸುವುದು. ನಮ್ಮ ತಾಯಿ ಮಂಡಿನೋವಿಗೆ ಔಷಧ ತಗೊಂಡೇ ಇರುತ್ತಿದ್ದರು, ಆದರೂ ಮೆಟ್ಟಿಲು ಹತ್ತುವಾಗ, ಇದು ಆ ಮನೆಯ ಕುಡುಕ ಹುಡುಗನಿಗಾಗಿ, ಇದು ಪರೀಕ್ಷೆ ಬರೆಯುವ ಮೊಮ್ಮಗಳಿಗಾಗಿ ಅಂತ ಹೇಳಿಕೊಂಡು ಹತ್ತುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅದು ತಿಳಿಯಲಿಲ್ಲ. ಈಗ ಅನ್ನಿಸುವುದು, ಮಂಚದ ಮೇಲೆ ಕೂತವರಿಗೂ ಮಾಡೋಕೆ ಒಂದು ಕೆಲಸ ಇದೆ ಅಂತ ಅವರು ನಂಬಿದ್ದರು. ನಾನು ಯಾರಿಗೂ ಬೇಡವಾದೆ ಅನ್ನುವ ಸಂಕಟ ಅವರನ್ನು ಕೊನೆತನಕ ಮುಟ್ಟಲಿಲ್ಲ.

ಪೋಪ್ ಎರಡನೇ ಜಾನ್ ಪಾಲ್ ಇದರ ಬಗ್ಗೆ 1984ರ ಫೆಬ್ರವರಿ 11ರಂದು ಒಂದು ದೊಡ್ಡ ಪತ್ರವನ್ನೇ ಬರೆದರು. ಅದಕ್ಕೆ ಮೂರು ವರ್ಷ ಮುಂಚೆ, 1981ರ ಮೇ 13ಕ್ಕೆ, ಅವರಿಗೆ ಗುಂಡು ಬಿದ್ದಿತ್ತು. ಸುಮ್ನೆ ಪುಸ್ತಕ ಓದಿ ಬರೆದದ್ದಲ್ಲ. ನಂತರ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡುಗುವ ಕೈಯನ್ನು ಅವರು ಮುಚ್ಚಿಡಲಿಲ್ಲ, ಜಗತ್ತೇ ನೋಡಿತು.

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. 1993ರಿಂದ ಅದೇ ದಿನವನ್ನು ರೋಗಿಗಳ ವಿಶ್ವ ದಿನ ಅಂತ ಆಚರಿಸುತ್ತೇವೆ. ಧಾರವಾಡದಲ್ಲಿ ಲೂರ್ದು ಮಾತೆಯ ಹೆಸರಿನ ದೇವಾಲಯ ಇದೆ, ಗೊತ್ತಿರಬಹುದು. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ದರ್ಶನ ಕಂಡ ಹುಡುಗಿ ಬರ್ನದೆತ್. ಅಲ್ಲಿನ ನೀರಿನಿಂದ ಎಷ್ಟೋ ಜನ ಗುಣವಾದರು ಅನ್ನುತ್ತಾರೆ. ಆದರೆ ಬರ್ನದೆತಳ ಅಸ್ತಮಾ ಹೋಗಲಿಲ್ಲ. ಮೂಳೆಗೆ ಕ್ಷಯ ತಗುಲಿ 1879ರಲ್ಲಿ, 35ನೇ ವಯಸ್ಸಿಗೆ ತೀರಿಕೊಂಡಳು. ಅವಳಿಗೆ ವಿಶ್ವಾಸ ಕಡಿಮೆ ಇತ್ತು ಅಂತ ಯಾರು ಹೇಳುತ್ತಾರೆ? ಅಕ್ಕಾ, ಬಾಗಿಲಲ್ಲಿ ನಿಂತು ಮಾತಾಡಿದವರಿಗೆ ಇದನ್ನು ಹೇಳಿ.

ಹೆಸರು ಬೇಡ | ಸೋಮವಾರ, ರಾತ್ರಿ 8.15

ಕೇಶ್ವಾಪುರದ ಅಣ್ಣ ಒಳ್ಳೆ ಮನಸ್ಸಿನಿಂದ ಬರೆದಿದ್ದಾರೆ. ಆದರೆ ಓದುತ್ತಾ ಓದುತ್ತಾ ನನಗೆ ಎದೆ ಬಿಗಿಯಾಯಿತು. ಯಾಕೆ ಅಂತ ಹೇಳುತ್ತೇನೆ.

ನನ್ನ ಗಂಡ ಕುಡಿದು ಹೊಡೆಯುತ್ತಿದ್ದ. ಸಭೆಯ ಹಿರಿಯರ ಹತ್ತಿರ ಹೋದೆ. ತಾಳಿಕೋ ಅವ್ವಾ, ಇದು ನಿನ್ನ ಶಿಲುಬೆ, ಹೊತ್ತುಕೋ ಅಂದರು. ಒಪ್ಪಿಸಿಬಿಡು ಅಂದರು. ನಾನೂ ಒಪ್ಪಿಸಿದೆ. ಬಹಳ ವರ್ಷ ಒಪ್ಪಿಸಿದೆ. ಮಗಳು ಮಂಚದ ಕೆಳಗೆ ಅಡಗಿ ಕೂತದ್ದನ್ನು ಕಂಡ ದಿನ ಬ್ಯಾಗು ತಗೊಂಡು ಅವ್ವನ ಮನೆಗೆ ಬಂದೆ.

ನೋವಿಗೆ ಅರ್ಥ ಇದೆ ಅಂತ ಹೇಳುವವರು ಮೊದಲು ಒಂದು ಕೇಳಿ. ಈ ನೋವನ್ನು ನಿಲ್ಲಿಸೋಕೆ ಆಗುತ್ತದಾ? ಆಗುವುದಾದರೆ ಮೊದಲು ನಿಲ್ಲಿಸಿ. ನನ್ನ ಗಂಡನ ಕೈ ನನ್ನ ಶಿಲುಬೆ ಆಗಿರಲಿಲ್ಲ. ಅದು ಅಪರಾಧ.

ಬೆಟಗೇರಿ ನರ್ಸ್ | ಸೋಮವಾರ, ರಾತ್ರಿ 8.40

ತಂಗಿ, ನೀವು ಬರೆದದ್ದು ತುಂಬಾ ಜನರಿಗೆ ಬೇಕಿತ್ತು. ಓದುತ್ತಿರುವ ಬೇರೆ ಹೆಣ್ಣುಮಕ್ಕಳಿಗೆ: ಮಹಿಳಾ ಸಹಾಯವಾಣಿ 181. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆಗೆ 2005ರ ಕಾನೂನೇ ಇದೆ. ಮನಸ್ಸು ತೀರಾ ಕುಗ್ಗಿದ್ದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಒಬ್ಬ ಸಭಾಪಾಲಕ | ಸೋಮವಾರ, ರಾತ್ರಿ 10.05

ಹೆಸರು ಹಾಕದ ತಂಗಿಯ ಮಾತನ್ನು ಎಲ್ಲ ಸಭೆಗಳಲ್ಲೂ ಓದಿ ಹೇಳಬೇಕು ಅನ್ನಿಸಿತು. ನನ್ನ ತಿಳುವಳಿಕೆ ಇಷ್ಟು. ಶಿಲುಬೆಯನ್ನು ಯೇಸು ತಾನೇ ಒಪ್ಪಿ ಹೊತ್ತ. ನನ್ನ ಪ್ರಾಣವನ್ನು ಯಾರೂ ನನ್ನಿಂದ ತೆಗೆದುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆ ಅಂತ ಯೋಹಾನ 10ರಲ್ಲಿ ಹೇಳುತ್ತಾನೆ. ಅದಕ್ಕೂ ಮೊದಲು ಜನ ಕಲ್ಲು ಎತ್ತಿಕೊಂಡಾಗ ಸುಮ್ಮನೆ ನಿಂತು ಹೊಡೆಸಿಕೊಳ್ಳಲಿಲ್ಲ, ಮರೆಯಾಗಿ ದೇವಾಲಯ ಬಿಟ್ಟು ಹೊರಟುಹೋದ. ಅದು 8ನೇ ಅಧ್ಯಾಯ. ತಪ್ಪಿಸಿಕೊಳ್ಳುವುದು ಅವಿಶ್ವಾಸ ಅಲ್ಲ. ಇನ್ನೊಬ್ಬರ ಹೆಗಲ ಮೇಲೆ ಶಿಲುಬೆ ಇಟ್ಟು ಹೊತ್ತುಕೋ ಅನ್ನುವ ಅಧಿಕಾರ ಯಾವ ಹಿರಿಯನಿಗೂ ಇಲ್ಲ, ನನಗೂ ಇಲ್ಲ.

ಗುಣಕ್ಕಾಗಿ ಕೇಳುವುದರ ಬಗ್ಗೆಯೂ ಒಂದು ಮಾತು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಕೇಳಿದ. ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟು ಹೋಗಲಿ ಅಂತ ಬೆವರು ಸುರಿಸಿ ಕೇಳಿದ. ಪಾತ್ರೆ ಹೋಗಲಿಲ್ಲ. ಪೌಲನೂ ತನ್ನ ಶರೀರದ ಶೂಲ ತೆಗೆಯಬೇಕು ಅಂತ ಮೂರು ಸಲ ಬೇಡಿದ. ಶೂಲ ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಮಾತು ಬಂತು. ಕೇಳಿದವರೆಲ್ಲರಿಗೂ ಗುಣ ಸಿಗುತ್ತದೆ ಅನ್ನುವುದಾದರೆ ಈ ಇಬ್ಬರ ವಿಶ್ವಾಸದ ಬಗ್ಗೆ ಏನು ಹೇಳೋಣ?

ಗದಗದ ವಿಶ್ವಾಸಿ | ಸೋಮವಾರ, ರಾತ್ರಿ 10.30

ಅಯ್ಯನವರೇ, ಸರಿ. ಆದರೆ ಅವರಿಬ್ಬರೂ ಕೇಳಿದರು ಅನ್ನುವುದೂ ಅಷ್ಟೇ ನಿಜ. ಈಗಿನ ಸಭೆಗಳಲ್ಲಿ ಕೇಳುವುದನ್ನೇ ಬಿಟ್ಟಿದ್ದಾರೆ. ಬರೀ "ನಿನ್ನ ಚಿತ್ತ" ಅಂತ ಒಂದು ಮಾತು ಹೇಳಿ ಎದ್ದುಬಿಡುತ್ತಾರೆ. ಬೆವರು ಎಲ್ಲಿದೆ? ನಾನು ಗುಣಕ್ಕಾಗಿ ಕೇಳುತ್ತಲೇ ಇರುತ್ತೇನೆ.

ಹಾವೇರಿ ಹೊಲದವ | ಮಂಗಳವಾರ, ಬೆಳಿಗ್ಗೆ 6.00

ನಾನು ಜಾಸ್ತಿ ಓದಿದವನಲ್ಲ. ನಮ್ಮದು ಹಾವೇರಿ ಕಡೆ, ಗೋವಿನಜೋಳ, ಹತ್ತಿ. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕಿನಲ್ಲಿ 223 ಬರ ಅಂತ ಸರ್ಕಾರವೇ ಹೇಳಿತ್ತಲ್ಲ, ಆ ವರ್ಷ. ಜೋಳ ಮೊಳಕಾಲಿನ ಎತ್ತರಕ್ಕೆ ನಿಂತು ಸುಟ್ಟುಹೋಯಿತು. ತೆನೆ ಬಿಚ್ಚಿ ನೋಡಿದರೆ ಅಲ್ಲೊಂದು ಇಲ್ಲೊಂದು ಕಾಳು. ಸೊಸೈಟಿ ಸಾಲ, ಕೈಸಾಲ ಎರಡೂ ಇತ್ತು.

ಆಗ ನನಗೆ ಪ್ರಾರ್ಥನೆ ಮಾಡೋಕೆ ಬಾಯೇ ಬರುತ್ತಿರಲಿಲ್ಲ. ಸ್ತೋತ್ರ ಅನ್ನೋಕೆ ಮನಸ್ಸು ಒಪ್ಪುತ್ತಿರಲಿಲ್ಲ. ಕೀರ್ತನೆಗಳ ಪುಸ್ತಕ ತೆರೆದು ಸಿಕ್ಕಿದ್ದನ್ನು ಓದುತ್ತಾ ಹೋದೆ. 88ನೆಯದು ಸಿಕ್ಕಿತು. ಬೇರೆ ಕೀರ್ತನೆಗಳು ಅಳುತ್ತಾ ಶುರುವಾದರೂ ಕೊನೆಗೆ ದೇವರನ್ನು ಹೊಗಳುತ್ತವೆ. ಇದರಲ್ಲಿ ಅದೂ ಇಲ್ಲ. ಹಗಲೂ ರಾತ್ರಿಯೂ ಕೂಗುತ್ತೇನೆ, ಯಾಕೆ ಮುಖ ಮರೆ ಮಾಡಿದ್ದೀ ಅಂತ ಕೇಳಿ ಕತ್ತಲೆಯಲ್ಲೇ ಮುಗಿಯುತ್ತದೆ. ಇದನ್ನೂ ಸತ್ಯವೇದದಲ್ಲಿ ಇಟ್ಟಿದ್ದಾರಲ್ಲ ಅಂತ ನನಗೆ ಆಶ್ಚರ್ಯ ಆಯಿತು. ಯಾರೋ ನನಗಿಂತ ಎಷ್ಟೋ ಕಾಲ ಹಿಂದೆ ಇದೇ ಸಿಟ್ಟಿನಲ್ಲಿ ದೇವರಿಗೇ ಮಾತಾಡಿದ್ದಾರೆ, ದೇವರು ಅದನ್ನು ಕೇಳಿಸಿಕೊಂಡಿದ್ದಾನೆ. ದಿನಾ ಅದನ್ನೇ ಓದಿದೆ. ಹೆಂಡತಿಗೂ ಓದಿ ಹೇಳಿದೆ. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರೆ, ಹೋದವರನ್ನು ಕರೆದು ಯಾಕೆ ಬಿಟ್ಟು ಹೋದೆ ಅಂತ ಜಗಳ ತೆಗೆಯುತ್ತಾರೆ. ಕ್ರೈಸ್ತರು ಹಾಗೆ ಅಳಬಾರದು ಅಂತ ಕೆಲವರು ಹೇಳುತ್ತಾರೆ. ಪೌಲ ಅಳಬೇಡಿ ಅಂತ ಎಲ್ಲಿ ಹೇಳಿದ? ನಿರೀಕ್ಷೆ ಇಲ್ಲದವರ ಹಾಗೆ ಅಳಬೇಡಿ ಅಂದ. ನನಗಂತೂ ಆ ಕೀರ್ತನೆ ಇಲ್ಲದಿದ್ದರೆ ಆ ವರ್ಷ ದಾಟೋಕೆ ಆಗುತ್ತಿರಲಿಲ್ಲ. ಅರ್ಥ ಗಿರ್ಥ ನನಗೆ ಸಿಗಲಿಲ್ಲ. ಮಾತಾಡೋಕೆ ಒಬ್ಬ ಸಿಕ್ಕ.

ಅಕ್ಕನ ಯಜಮಾನ | ಮಂಗಳವಾರ, ಮಧ್ಯಾಹ್ನ 1.25

ನನ್ನ ಬಗ್ಗೆ ಇಷ್ಟು ಜನ ಮಾತಾಡುತ್ತಿದ್ದೀರಿ ಅಂತ ಇವಳು ತೋರಿಸಿದಳು. ಈಗ ಮಶೀನ್ ಹಚ್ಚಿದ್ದಾರೆ. ಎಡಗೈ ಅಲ್ಲಾಡಿಸುವ ಹಾಗಿಲ್ಲ, ಬಲಗೈಯಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ.

ಎಲ್ಲರೂ ಸೂಜಿ ಬಗ್ಗೆ ಕೇಳುತ್ತಾರೆ. ಸೂಜಿ ಏನಲ್ಲ. ಕಷ್ಟ ಇರುವುದು ನೀರಡಿಕೆ. ದಿನಕ್ಕೆ ನನಗೆ ಅಳೆದು ಕೊಟ್ಟ ನೀರು, ಅದರಲ್ಲೇ ಚಹಾ, ಸಾರು, ಗುಳಿಗೆ ನುಂಗುವುದು ಎಲ್ಲ ಮುಗಿಯಬೇಕು. ಜಾಸ್ತಿ ಕುಡಿದರೆ ಅದು ಹೊರಗೆ ಹೋಗುವುದಿಲ್ಲ. ಕಾಲು ಬಾಯುತ್ತವೆ, ಮಲಗಿದರೆ ಉಸಿರು ಸಿಗುವುದಿಲ್ಲ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತದೆ. ಮಕ್ಕಳು ಫ್ರಿಜ್ ತೆಗೆದು ಬಾಟಲಿ ಎತ್ತಿ ಗಟಗಟ ಕುಡಿಯುವ ಸದ್ದು ಕೇಳಿದರೆ ಆ ಕಡೆ ತಿರುಗಿ ಮಲಗುತ್ತೇನೆ. ಇವಳು ಗೋಡೆ ಕಡೆ ಮುಖ ಅಂದಳಲ್ಲ, ಅದಕ್ಕೆ.

ಹೋದ ಶುಭ ಶುಕ್ರವಾರ ದೇವಾಲಯಕ್ಕೆ ಹೋಗಿದ್ದೆ. ಹನ್ನೆರಡರಿಂದ ಮೂರರತನಕ ಆರಾಧನೆ, ಶಿಲುಬೆ ಮೇಲೆ ಯೇಸು ಆಡಿದ ಏಳು ಮಾತುಗಳು. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಚಿಕ್ಕಂದಿನಿಂದ ಕೇಳಿದ್ದೇ. ಐದನೆಯ ಮಾತು ಓದಿದರು, "ನನಗೆ ನೀರಡಿಕೆಯಾಗಿದೆ". ಮೈ ಜುಮ್ ಅಂತು. ಇಷ್ಟು ವರ್ಷ ಆ ಮಾತಿಗೆ ಪ್ರಸಂಗ ಮಾಡುವವರು ಆತ್ಮಗಳ ದಾಹ ಅಂತ ಹೇಳುತ್ತಿದ್ದರು. ಅದೂ ಇರಬಹುದು. ಆದರೆ ಬಿಸಿಲಲ್ಲಿ ರಕ್ತ ಸುರಿದು ತೂಗಿದವನಿಗೆ ನಿಜವಾದ ನೀರಡಿಕೆಯೇ ಆಗಿರುತ್ತದೆ. ನಾಲಿಗೆ ಒಣಗಿರುತ್ತದೆ. ಇದನ್ನು ಬಲ್ಲ ದೇವರು ನನಗಿದ್ದಾನೆ ಅನ್ನುವುದು ಅವತ್ತು ನನ್ನ ಎದೆಗೆ ಇಳಿಯಿತು. ಯಾಕೆ ನನಗೆ ಈ ಕಾಯಿಲೆ ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಆ ಪ್ರಶ್ನೆ ಕೇಳುವುದು ಕಡಿಮೆ ಆಯಿತು. ಇವಳಿಗೂ ನಾನು ಇದನ್ನು ಹೇಳಿರಲಿಲ್ಲ. ಹೇಳಿದರೆ ಅಳುತ್ತಾಳೆ ಅಂತ.

ಇನ್ನೊಂದು. ಅವನ ಬಾಯಿಗೆ ಹುಳಿರಸದ ಸ್ಪಂಜು ಮುಟ್ಟಿಸಿದವರು ಶಿಷ್ಯರಲ್ಲ. ಶಿಷ್ಯರು ಬಹಳಷ್ಟು ಜನ ಓಡಿಹೋಗಿದ್ದರು. ಕೆಳಗೆ ನಿಂತವರಲ್ಲಿ ಯಾರೋ ಕೋಲಿಗೆ ಸಿಕ್ಕಿಸಿ ಮೇಲೆ ಹಿಡಿದರು. ಗಾಂಧಿನಗರ ಕಾಕಾ ಶನಿವಾರ ನನ್ನನ್ನು ಇಳಿಸಿ ಹೋಗುವಾಗ ಒಂದು ಸಣ್ಣ ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಡು ತಂದು ಕೊಡುತ್ತಾರೆ. ಬಾಯಲ್ಲಿ ಇಟ್ಟುಕೊಂಡರೆ ಒಂದೇ ಗುಟುಕು ನೀರಿನಲ್ಲಿ ಬಹಳ ಹೊತ್ತು ತಂಪು. ನನಗೆ ವಿಶ್ವಾಸ ಸಾಲದು ಅಂದವರು ಯಾರೂ ಮಂಜುಗಡ್ಡೆ ತರಲಿಲ್ಲ.

ಗದಗದ ತಮ್ಮನಿಗೆ: ಗುಣಕ್ಕಾಗಿ ಕೇಳು. ನಾನೂ ಕೇಳುತ್ತೇನೆ. ಕಿಡ್ನಿ ಕಸಿಗೆ ಹೆಸರು ಹಚ್ಚಿದ್ದೇವೆ, ಅದಕ್ಕೂ ಸೇರಿಸಿ ಕೇಳು. ನನ್ನ ಫಿಸ್ಟುಲಾ ಮೇಲೆ ಬೆರಳಿಟ್ಟರೆ ರಕ್ತ ಗುಂಯ್ ಅಂತ ಓಡುವುದು ತಿಳಿಯುತ್ತದೆ. ನರ್ಸ್ ದಿನಾ ಮುಟ್ಟಿ ನೋಡಿಕೊಳ್ಳೋಕೆ ಹೇಳಿದ್ದಾರೆ, ನಿಂತರೆ ಕೂಡಲೇ ಬರಬೇಕು ಅಂತ. ಬೆಳಿಗ್ಗೆ ಎದ್ದ ಕೂಡಲೇ ಮುಟ್ಟುತ್ತೇನೆ, ಓಡುತ್ತಿರುತ್ತದೆ, ಕರ್ತನೇ ಸ್ತೋತ್ರ ಅನ್ನುತ್ತೇನೆ. ನನ್ನ ಬೆಳಗಿನ ಪ್ರಾರ್ಥನೆ ಈಗ ಅಷ್ಟೇ ಉದ್ದ.

ಕೆಸಿಡಿ ಹುಡುಗ | ಮಂಗಳವಾರ, ಮಧ್ಯಾಹ್ನ 2.10

ಅಂಕಲ್, ನನ್ನ ಪ್ರಶ್ನೆಗಳು ಹಾಗೇ ಇವೆ. ಆದರೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಾಸ್ತರ್ ಸರ್, ಈ ವಾರ ಬರಲೇ?

ಧಾರವಾಡದ ಮಾಸ್ತರ | ಮಂಗಳವಾರ, ಮಧ್ಯಾಹ್ನ 2.20

ಬಾ. ಊಟಕ್ಕೇ ಬಾ.

ಹೆಸರು ಬೇಡ | ಮಂಗಳವಾರ, ಮಧ್ಯಾಹ್ನ 3.00

ಅಣ್ಣಾ, ನೀವು ಬರೆದ ಹಾಗೆ ಹೇಳಿದರೆ ನನಗೂ ಶಿಲುಬೆಯ ಮಾತು ಕೇಳೋಕೆ ಆಗುತ್ತದೆ. ನಿಮ್ಮ ನೋವಿನ ಬಗ್ಗೆ ನೀವು ಹೇಳಿದಿರಿ, ನನ್ನದನ್ನು ನನಗೆ ಬಿಟ್ಟಿರಿ.

ಒಬ್ಬ ಸಭಾಪಾಲಕ | ಮಂಗಳವಾರ, ಸಂಜೆ 5.45

ಅಕ್ಕಾ, ಒಂದು ವಿಚಾರ. ಈ ಸಲ ಲೆಂತು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ) ಒಂದು ಸಂಜೆ ಪ್ರಸಂಗವಿಲ್ಲದ ಕೂಟ ಇಡಬೇಕು ಅಂತಿದ್ದೇನೆ. ಅಳುವ ಕೀರ್ತನೆಗಳನ್ನು ಓದುವುದು, ನಡುವೆ ಸುಮ್ಮನೆ ಕೂರುವುದು, ಬೇಕಾದವರಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವುದು. ಕಥೋಲಿಕರು, ಗದಗದ ಸಹೋದರರು, ಕಾಕಾ, ಯಾರು ಬೇಕಾದರೂ ಬರಬಹುದು. ಯಾರೂ ಯಾರಿಗೂ ಬುದ್ಧಿ ಹೇಳುವಂತಿಲ್ಲ. ನಿಮ್ಮ ಮನೆಯಲ್ಲೇ ಇಟ್ಟುಕೊಂಡರೆ ಅವರಿಗೆ ಓಡಾಟ ತಪ್ಪುತ್ತದೆ. ಏನಂತೀರಿ?

ಹುಬ್ಬಳ್ಳಿ ಅಕ್ಕ | ಮಂಗಳವಾರ, ರಾತ್ರಿ 9.15

ಎಲ್ಲರದ್ದೂ ಓದಿದೆ. ನೀರಡಿಕೆಯ ಮಾತನ್ನು ಒಂದು ವರ್ಷ ನನ್ನಿಂದ ಮುಚ್ಚಿಟ್ಟಿದ್ದಕ್ಕೆ ಚೆನ್ನಾಗಿ ಬೈದೆ. ಆಮೇಲೆ ಇಬ್ಬರೂ ಕೂತು ಅತ್ತೆವು.

ಅಯ್ಯನವರೇ, ಕೂಟ ನಮ್ಮ ಮನೆಯಲ್ಲೇ ಆಗಲಿ. ಬುಧವಾರ ಸಂಜೆ ಆರೂವರೆಗೆ ಇಟ್ಟುಕೊಳ್ಳೋಣ, ಅವತ್ತು ಮಶೀನ್ ಇಲ್ಲ, ಅವರು ಸ್ವಲ್ಪ ಗಟ್ಟಿ ಇರುತ್ತಾರೆ. 88ನೇ ಕೀರ್ತನೆ ತಾವೇ ಓದುತ್ತಾರಂತೆ. ಹಾವೇರಿ ಅಣ್ಣ ಬರೋಕೆ ಆದರೆ ರಾತ್ರಿ ನಮ್ಮಲ್ಲೇ ಉಳಿಯಬಹುದು, ಜಾಗ ಇದೆ. ಗದಗದ ತಮ್ಮ ಎಣ್ಣೆ ತರುತ್ತೇನೆ ಅಂತ ಮೆಸೇಜ್ ಹಾಕಿದ್ದಾನೆ, ತರಲಿ. ಪ್ರಾರ್ಥನೆ ಮಾತ್ರ ಮೆಲ್ಲಗೆ, ಅವರಿಗೆ ತಲೆನೋವು ಬರುತ್ತದೆ.

ಬರುವವರು ಬಾಳೆಹಣ್ಣು, ಎಳನೀರು, ಕಿತ್ತಳೆ ತರಬೇಡಿ, ಪೊಟ್ಯಾಶಿಯಂ ಜಾಸ್ತಿ, ಅವರಿಗೆ ಆಗುವುದಿಲ್ಲ. ತರಲೇಬೇಕು ಅನ್ನಿಸಿದರೆ ಒಂದೆರಡು ಸೇಬು ತನ್ನಿ. ಚಹಾ ನಾನು ಮಾಡುತ್ತೇನೆ, ಅವರ ಎದುರಿಗೆ ಕುಡಿಯಬೇಡಿ, ಅಡಿಗೆಮನೆಗೆ ಬಂದು ಕುಡಿಯಿರಿ.